ಕಾರು ತಗ್ಗಿಸಿ ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು ಅಂತಿದ್ದೀರಾ? ನನ್ನ ಪಾಡು ಕೇಳಿ

ದೇವರಾಯನದುರ್ಗದ ಇಳಿಜಾರಿನಲ್ಲಿ ಕಾರು ಗಿರ್ರನೆ ತಿರುಗಿದರೆ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ನನಗೆ ಈಗ ಚೆನ್ನಾಗಿ ಗೊತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಹಿಂದಿನ ಒಂದು ಅಲಾಯ್, ಒಂದು ಬಾಗಿಲು, ಜೊತೆಗೆ ಒಂದೂವರೆ ಲಕ್ಷ ರೂಪಾಯಿ ಹೋಯಿತು. ನಮ್ಮ ತುಮಕೂರಿನ ಹುಡುಗರಲ್ಲಿ ಕಾರು ತಗ್ಗಿಸುವ ಹುಚ್ಚು ಜಾಸ್ತಿಯಾಗುತ್ತಿದೆ. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನನ್ನದು ಪೋಲೋ ಜಿಟಿ ಟಿಎಸ್‌ಐ, 1.2 ಲೀಟರ್, 105 ಪಿಎಸ್. ಒಳ್ಳೆ ಗಾಡಿ. ಆದರೆ ತಿರುವಿನಲ್ಲಿ ಸ್ವಲ್ಪ ವಾಲುತ್ತಿತ್ತು, ಅದೊಂದು ನನಗೆ ಆಗುತ್ತಿರಲಿಲ್ಲ. ವಾಲುತ್ತೆ ಅಂದರೆ ಹಿಡಿತ ಇಲ್ಲ ಅಂತ ನನ್ನ ಲೆಕ್ಕ. ಬೆಂಗಳೂರಿನ ಒಂದು ಅಂಗಡಿಯವರು (ಹೆಸರು ಬೇಡ) ಕಾಯಿಲ್‌ಓವರ್ ಕಿಟ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ತೋರಿಸಿದರು. ಮುಂದೆ 6 ಕೆಜಿ, ಹಿಂದೆ 8 ಕೆಜಿ ಸ್ಪ್ರಿಂಗ್. ಅಂದರೆ ಹಿಂದಿನದನ್ನು ಒಂದೇ ಒಂದು ಮಿಲಿಮೀಟರ್ ಅದುಮಬೇಕಾದರೆ 8 ಕೆಜಿ ಭಾರ ಹೇರಬೇಕು. ‘ಟ್ರ್ಯಾಕ್ ಸೆಟಪ್ ಸಾರ್, ರೈಲು ಹಳಿ ಮೇಲೆ ಹೋದಂಗೆ ಹೋಗುತ್ತೆ’ ಅಂದರು. ಕಾರನ್ನು 50 ಮಿಲಿಮೀಟರ್ ಇಳಿಸಿದರು, ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರಿನ ಬಿಗಿ ಹೊಂದಿಸುವ ಕ್ಲಿಕ್ಕುಗಳನ್ನೆಲ್ಲ ಗಟ್ಟಿಯ ಕೊನೆಗೆ ತಿರುಗಿಸಿದರು. 185/60 ಆರ್15 ಟೈರ್ (ಅಗಲ 185 ಮಿಲಿಮೀಟರ್, ಪಕ್ಕದ ಗೋಡೆ ಅದರ 60 ಪರ್ಸೆಂಟ್, ರಿಮ್ 15 ಇಂಚು) ಬಿಚ್ಚಿ ಸೆಕೆಂಡ್ ಹ್ಯಾಂಡ್ 205/40 ಆರ್17 ಹಾಕಿದರು. ‘ಹೊಸದೇ ಸಾರ್, ಟೈರ್ ಮೇಲಿನ ಕಚ್ಚು ನೋಡಿ ಎಷ್ಟು ಆಳ ಇದೆ.’ ಕಚ್ಚು ಆಳವಾಗೇ ಇತ್ತು.

ಮೊದಲ ವಾರ ನೆಲಮಂಗಲದ ಕಡೆ ಹೈವೇಯಲ್ಲಿ ಸ್ವರ್ಗ. ಸ್ಟೀರಿಂಗ್ ಕೂದಲಷ್ಟು ತಿರುಗಿಸಿದರೂ ಮೂತಿ ಹೊರಳುತ್ತಿತ್ತು, ವಾಲಾಟ ಅನ್ನುವುದೇ ಇಲ್ಲ. ಊರೊಳಗೆ ಮಾತ್ರ ಬೇರೆ ಕಥೆ. ಕ್ಯಾತ್ಸಂದ್ರದಲ್ಲಿ ಕಟ್ಟಿಸಿದ ತಟ್ಟೆ ಇಡ್ಲಿಯ ಚಟ್ನಿ ಮನೆ ಸೇರುವಷ್ಟರಲ್ಲಿ ಸೀಟಿನ ಮೇಲಿತ್ತು. ‘ಎತ್ತಿನ ಗಾಡಿ ವಾಸಿ’ ಅಂದಳು ಹೆಂಡತಿ. ಹಂಪ್ ಹತ್ತಿದಾಗಲೆಲ್ಲ ಹಿಂದೆ ‘ಟಕ್’ ಅಂತ ಒಂದು ಸದ್ದು. ಆ ಸದ್ದನ್ನು ನಾನು ಸೀರಿಯಸ್ ಆಗಿ ತಗೊಳ್ಳಬೇಕಿತ್ತು.

ಒಂದು ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಹೋಗಿದ್ದೆವು, ನಾನು ಮತ್ತು ನನ್ನ ಅಕ್ಕನ ಮಗ. ಮೇಲೆ ಯೋಗ ನರಸಿಂಹ, ಕೆಳಗೆ ಭೋಗ ನರಸಿಂಹ. ನಾನು ಯಾವತ್ತೂ ಭೋಗದ ಪಾರ್ಟಿ ಬಿಡಿ. ಇಳಿಯುವಾಗ ಒಂದು ಬಲ ತಿರುವು. ವೇಗ ಐವತ್ತೂ ಇರಲಿಲ್ಲ. ತಿರುವಿನ ಮಧ್ಯದಲ್ಲಿ ಟಾರು ತೇಪೆ ಹಾಕಿದ ಜಾಗ, ಇಡ್ಲಿ ತಟ್ಟೆ ಬೋರಲು ಹಾಕಿದಂತೆ ಉಬ್ಬಿತ್ತು. ಅದನ್ನು ನೋಡಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ‘ಟಕ್.’ ಹಿಂಭಾಗ ಎಡಕ್ಕೆ ಜಾರಿತು, ಮೂತಿ ಬಲಕ್ಕೆ ತಿರುಗಿ ಎದುರು ಬರುವವರ ದಾರಿಗೆ ನುಗ್ಗಿತು. ಡ್ಯಾಶ್‌ಬೋರ್ಡಿನಲ್ಲಿ ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಮಿಣಮಿಣ ಅಂತಿತ್ತು. ಪಾಪ ಅದಾದರೂ ಏನು ಮಾಡೀತು, ಬ್ರೇಕ್ ಹಿಡಿದು ಕಾರು ನೇರ ಮಾಡುವುದಕ್ಕೂ ಟೈರ್ ನೆಲ ಕಚ್ಚಿರಬೇಕಲ್ವಾ. ನಾನು ಗಾಬರಿಯಲ್ಲಿ ಸ್ಟೀರಿಂಗ್ ಎಡಕ್ಕೆ ಎಳೆದೆ. ಕಾರು ಚಾಟಿ ಬೀಸಿದ ಹಾಗೆ ವಾಪಸ್ ಹೊರಳಿ ಒಂದು ಸುತ್ತು ಹೊಡೆದು ರಸ್ತೆ ಬದಿಯ ಕಲ್ಲಿಗೆ ಎಡ ಪಕ್ಕ ಒರಗಿಸಿಕೊಂಡು ನಿಂತಿತು. ಹುಡುಗ ಮಾತೇ ಆಡಲಿಲ್ಲ. ಎರಡು ನಿಮಿಷ ಬಿಟ್ಟು ಕೆಳಗಿನಿಂದ ಜನ ತುಂಬಿದ ಟೆಂಪೊ ಟ್ರಾವೆಲರ್ ಹತ್ತಿ ಬಂತು. ಆ ಎರಡು ನಿಮಿಷ ನೆನೆಸಿಕೊಂಡರೆ ಈಗಲೂ ನಿದ್ದೆ ಬರಲ್ಲ.

ನಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರು ಕಾರು ನೋಡಿದರು. ಕಿಟ್ ಬಗ್ಗೆ ಕೇಳಲೇ ಇಲ್ಲ. ಮೊದಲು ಟೈರ್ ಪಕ್ಕ ಕೂತು, ಧೂಳು ಒರೆಸಿ, ಅದರ ಗೋಡೆಯ ಮೇಲೆ ‘ಡಾಟ್’ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದರು. 2314. ಅಂದರೆ 2014ರ 23ನೇ ವಾರ ತಯಾರಾದ ಟೈರ್. ಉಗುರು ಒತ್ತಿ ನೋಡಿ ಅಂದರು. ಒತ್ತಿದೆ, ಗೆರೆಯೂ ಬೀಳಲಿಲ್ಲ. ಕಚ್ಚು ಆಳವಾಗಿದ್ದರೇನು, ರಬ್ಬರ್ ಒಣಗಿ ಚಕ್ಕಳವಾಗಿತ್ತು.

ಆಮೇಲೆ ಹಿಂದಿನ ಡ್ಯಾಂಪರ್ ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಹತ್ತಿರದಲ್ಲೇ ಒಂದು ಸುತ್ತು ಓಡಿಸಿಕೊಂಡು ಬಂದರು. ಹಂಪ್‌ಗಳಲ್ಲಿ ರಾಡ್ ಒಳಗೆ ಹೋದಷ್ಟೂ ಟೈ ಸರಿಯುತ್ತೆ. ವಾಪಸ್ ಬಂದು ನೋಡಿದರೆ ಅದು ಬಂಪ್ ಸ್ಟಾಪ್ (ರಾಡ್ ಪೂರ್ತಿ ಒಳಗೆ ಹೋಗದಂತೆ ತಡೆಯುವ) ರಬ್ಬರಿಗೆ ಅಂಟಿಕೊಂಡಿತ್ತು. ಅಂದರೆ 50 ಮಿಲಿಮೀಟರ್ ಇಳಿಸಿದ ಮೇಲೆ ಸ್ಪ್ರಿಂಗ್ ಕುಗ್ಗಲು ಜಾಗವೇ ಉಳಿದಿರಲಿಲ್ಲ. ಆ ‘ಟಕ್’ ಅದೇ. ಬಂಪ್ ಸ್ಟಾಪ್ ತಾಗಿದ ಕ್ಷಣ 8 ಕೆಜಿ ಸ್ಪ್ರಿಂಗ್ ಕೂಡ ಸ್ಪ್ರಿಂಗ್ ಆಗಿ ಉಳಿಯಲ್ಲ, ಕಲ್ಲಾಗುತ್ತೆ. ಟೈರ್ ಉಬ್ಬಿನ ಮೇಲಿಂದ ಹಾರುತ್ತೆ.

ಮೆಕ್ಯಾನಿಕ್ ಹೇಳಿದ ಇನ್ನೊಂದು ಮಾತು ನನ್ನ ತಲೆಗೆ ಹೋಗಲು ಎರಡು ಟೀ ಹಿಡಿಯಿತು. ಟೈರ್ ಮೇಲಿನ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟು ಆಗಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತೆ. ತಿರುವಿನಲ್ಲಿ ಒಳಗಿನ ಚಕ್ರ ಕಳೆದುಕೊಂಡಷ್ಟನ್ನು ಹೊರಗಿನ ಚಕ್ರ ಪೂರ್ತಿ ತುಂಬಿಕೊಡಲ್ಲ. ಒಟ್ಟು ಎಷ್ಟು ಭಾರ ಆ ಕಡೆಗೆ ಹೊರಳುತ್ತೆ ಅನ್ನುವುದು ಮುಖ್ಯವಾಗಿ ಕಾರಿನ ಎತ್ತರ, ಅಗಲ, ವೇಗದ ಲೆಕ್ಕ. ಸ್ಪ್ರಿಂಗ್ ಗಟ್ಟಿ ಮಾಡಿದರೆ ವಾಲಾಟ ಕಣ್ಣಿಗೆ ಕಾಣಲ್ಲ ಅಷ್ಟೇ, ಭಾರ ಹೊರಳೋದು ನಿಲ್ಲಲ್ಲ. ಮುಂದೆ ಹಿಂದೆ ಅದನ್ನು ಯಾರು ಎಷ್ಟು ಹೊರಬೇಕು ಅಂತ ಮಾತ್ರ ಸ್ಪ್ರಿಂಗ್ ತೀರ್ಮಾನ ಮಾಡುತ್ತೆ. ಹಿಂದೆ ಜಾಸ್ತಿ ಗಟ್ಟಿ ಮಾಡಿದರೆ ಹಿಂದಿನ ಚಕ್ರಗಳೇ ಮೊದಲು ಸೋಲುತ್ತವೆ. ಮುಂದಿನ ಚಕ್ರ ಎಳೆಯುವ ಕಾರು ಚುರುಕಾಗಿ ತಿರುಗಲಿ ಅಂತ ಟ್ರ್ಯಾಕಿನಲ್ಲಿ ಬೇಕಂತಲೇ ಹೀಗೆ ಮಾಡುತ್ತಾರಂತೆ. ಅಲ್ಲಿ ರಸ್ತೆ ಕನ್ನಡಿ, ಟೈರ್ ಮೆತ್ತಗೆ, ಜಾರಿದರೂ ಜಾಗ ಇರುತ್ತೆ. ನಮ್ಮ ಘಾಟಿಯಲ್ಲಿ ತೇಪೆ, ಮರಳು, ಕೋತಿ. ಇಳಿಜಾರಿನಲ್ಲಿ ಕಾಲು ತೆಗೆದೆನಲ್ಲ, ಆಗ ಹಿಂದಿನ ಭಾರವೂ ಮುಂದಕ್ಕೆ ಬಂತು. ಹಿಂದೆ ಉಳಿದಿದ್ದು ಒಣಗಿದ ರಬ್ಬರ್ ಮಾತ್ರ.

205/40 ಟೈರ್ ವಿಷಯವೂ ಅಷ್ಟೇ. ಹಳೇ ಟೈರಿನ ಪಕ್ಕದ ಗೋಡೆ 111 ಮಿಲಿಮೀಟರ್ ಇತ್ತು, ಇದರದ್ದು 82. ಆ ಗೋಡೆಯೂ ಒಂದು ಸ್ಪ್ರಿಂಗೇ. ಅದನ್ನೂ ಕತ್ತರಿಸಿ ಕೂತಿದ್ದೆ.

ಈಗ 15 ಇಂಚಿನ ಚಕ್ರಕ್ಕೆ ಹೊಸ 195/55 ಟೈರ್ ಹಾಕಿಸಿದ್ದೇನೆ. ದುಡ್ಡು ಹಾಕುವುದಿದ್ದರೆ ಮೊದಲು ಇಲ್ಲಿಗೇ ಹಾಕಿ. ಕಂಪನಿ ಸ್ಪ್ರಿಂಗ್ ವಾಪಸ್ ಬಂತು, ಜೊತೆಗೆ ಒಳ್ಳೆ ಡ್ಯಾಂಪರ್. ಅಲೈನ್‌ಮೆಂಟ್ ಹೊಸದಾಗಿ ಮಾಡಿಸಿದೆ. ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ನೋಡುತ್ತೇನೆ. ಕಾರು ಮತ್ತೆ ವಾಲುತ್ತೆ. ಅದೇ ಬಲ ತಿರುವಿನಲ್ಲಿ, ಅದೇ ತೇಪೆಯ ಮೇಲೆ, ಹಿಂಭಾಗ ಒಮ್ಮೆ ಕುಸಿದು ಎದ್ದು ಸುಮ್ನೆ ಹೋಗುತ್ತೆ. ಇನ್ಶೂರೆನ್ಸ್ ಕೇಳುವ ಧೈರ್ಯ ಬರಲಿಲ್ಲ, ಅಷ್ಟೆಲ್ಲ ಮಾಡಿಫೈ ಮಾಡಿಸಿಟ್ಟು ಯಾವ ಮುಖ ಇಟ್ಟುಕೊಂಡು ಕೇಳಲಿ.

ಕಿಟ್ ಅಟ್ಟದ ಮೇಲಿದೆ. ಮೊನ್ನೆ ಗುಬ್ಬಿಯ ಹುಡುಗನೊಬ್ಬ ಅದನ್ನು ಕೇಳಿಕೊಂಡು ಬಂದಿದ್ದ. ಕೊಡಲ್ಲ ಅಂದೆ. ಅವನ ಕಾರಿನ ಪಕ್ಕ ಕೂತು ಟೈರಿನ ಧೂಳು ಒರೆಸಿದೆ. 4013.