ಹಿತ್ತಿಲ ತರಕಾರಿಗೆ ಪ್ರಯೋಗಾಲಯದ ಮಣ್ಣು ಪರೀಕ್ಷೆ: ಹಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಶಿರಸಿ ಸೀಮೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ಎರಡು ಗುಂಟೆಯಷ್ಟು ಜಾಗದಲ್ಲಿ ಬೆಂಡೆ, ಬದನೆ, ಅಲಸಂದೆ, ಹರಿವೆ, ಬಸಳೆ ಬೆಳೆಯುತ್ತೇವೆ. ಈ ಜಾಗದ ಮಣ್ಣನ್ನು ಹಲವು ವರ್ಷಗಳಿಂದ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುತ್ತಿದ್ದೇನೆ. ಮನೆಯ ಮಟ್ಟಿಗೆ ತರಕಾರಿ ಬೆಳೆಯುವವರಿಗೆ ಈ ಸೇವೆ ಎಷ್ಟು ಉಪಯುಕ್ತ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆಯಿಂದ ನನಗೆ ದೊರೆತ ಅತಿ ದೊಡ್ಡ ಪ್ರಯೋಜನವೆಂದರೆ, ಗೊಬ್ಬರ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಮ್ಮ ಕಡೆಯ ನಂಬಿಕೆ ಎಲ್ಲಿಯವರೆಗೆ ನಿಜ ಎಂಬುದು ತಿಳಿದದ್ದು. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಸೊಪ್ಪು, ದರಕು ಅಂದರೆ ಒಣಗಿದ ಎಲೆ, ಕೊಟ್ಟಿಗೆ ಗೊಬ್ಬರ ಬೀಳುತ್ತಲೇ ಇರುವ ನೆಲವಾದ್ದರಿಂದ ಮೊದಲ ವರದಿಯಲ್ಲೇ ಸಾವಯವ ಇಂಗಾಲ ಶೇ 0.75ಕ್ಕಿಂತ ಮೇಲೆ, ಅಂದರೆ ‘ಅಧಿಕ’ ಎಂಬ ವರ್ಗದಲ್ಲಿತ್ತು. ಆದರೆ ಮಣ್ಣಿನ ಹುಳಿಯನ್ನು ತೋರಿಸುವ ರಸಸಾರ (pH) 5.2 ಮಾತ್ರ ಇತ್ತು; ಈ ಅಂಕಿ 7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹೆಚ್ಚು ಹುಳಿ. ಮಳೆ ಹೆಚ್ಚು ಬೀಳುವ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣದ ಅಂಶವೂ ಮೆಗ್ನೀಷಿಯಂ ಕೂಡ ನೀರಿನೊಂದಿಗೆ ತೊಳೆದುಹೋಗುತ್ತವೆ. ಮಣ್ಣು ಹುಳಿಯಾದಾಗ ಅಲ್ಲಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ, ರಂಜಕ (ಫಾಸ್ಫರಸ್) ಎಂಬ ಪೋಷಕಾಂಶವನ್ನು ಬಿಗಿಯಾಗಿ ಹಿಡಿದಿಡುವುದರಿಂದ, ನಾವು ಹಾಕಿದ್ದರಲ್ಲಿ ಬಹುಪಾಲು ಬೇರಿಗೆ ಸಿಗುವುದೇ ಇಲ್ಲ. ಗಿಡ ಸೊರಗಿದ್ದಕ್ಕೆ ಕಾರಣ ಗೊಬ್ಬರದ ಕೊರತೆಯಲ್ಲ, ಹುಳಿ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಕರಾವಳಿ, ಮಲೆನಾಡಿನಲ್ಲಿ ಹಿಂದಿನವರು ತರಕಾರಿಗೆ ಸುಡುಮಣ್ಣು, ಬೂದಿ ಹಾಕುತ್ತಿದ್ದುದು ಹುಳಿಯನ್ನು ತಗ್ಗಿಸುವ ಕ್ರಮವೂ ಹೌದು ಎಂದು ವರದಿ ಓದಿದ ಮೇಲೆ ನನಗೆ ಅರ್ಥವಾಯಿತು; ಆದರೆ ಮಣ್ಣನ್ನು ಸುಟ್ಟರೆ ಸಾವಯವ ಅಂಶವೂ ಉರಿದುಹೋಗುವುದರಿಂದ ನಾನು ಸುಣ್ಣವನ್ನೇ ಆರಿಸಿಕೊಂಡೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಸಸಾರದ ಅಂಕಿಯೊಂದರಿಂದಲೇ ಎಷ್ಟು ಸುಣ್ಣ ಬೇಕೆಂದು ಹೇಳಲಾಗುವುದಿಲ್ಲ. ಒಂದೇ ರಸಸಾರದ ಮರಳು ಮಣ್ಣಿಗಿಂತ ಜೇಡಿ ಮಣ್ಣಿಗೆ ಹೆಚ್ಚು ಸುಣ್ಣ ಬೇಕಾಗುತ್ತದೆ. ಆದ್ದರಿಂದ ಮಾದರಿ ಕೊಡುವಾಗಲೇ ‘ಸುಣ್ಣದ ಅಗತ್ಯ’ವನ್ನೂ ಪರೀಕ್ಷಿಸಬೇಕೆಂದು ಕೇಳಿಕೊಳ್ಳಬೇಕು. ನಮ್ಮ ಮಣ್ಣಿಗೆ ಹೆಕ್ಟೇರಿಗೆ 2 ಟನ್ ಎಂದು ಬಂತು. ಮಳೆಗಾಲಕ್ಕೆ ಮೊದಲು ಡೋಲೊಮೈಟ್ (ಮೆಗ್ನೀಷಿಯಂ ಕೂಡ ಇರುವ ಸುಣ್ಣಕಲ್ಲು) ಪುಡಿಯನ್ನು ಮಣ್ಣಿಗೆ ಬೆರೆಸಿ, ಕೊಟ್ಟಿಗೆ ಗೊಬ್ಬರವನ್ನು ಕೆಲವು ವಾರ ಬಿಟ್ಟು ಹಾಕಿದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಫಲ ಕೂಡಲೇ ಕಾಣಲಿಲ್ಲ. ಈಚಿನ ವರದಿಯಲ್ಲಿ ರಸಸಾರ 6.3ಕ್ಕೆ ಬಂದಿದೆ, ಅಲಸಂದೆಯ ಬೇರಿನಲ್ಲಿ ಸಾರಜನಕ ಹಿಡಿದುಕೊಡುವ ಗಂಟುಗಳು ಚೆನ್ನಾಗಿ ಮೂಡುತ್ತಿವೆ, ಬದನೆಯ ಫಸಲು ಮೊದಲಿಗಿಂತ ಹೆಚ್ಚು ಕಾಲ ಬರುತ್ತಿದೆ.

ಸೇವೆಯ ಕೊರತೆಯನ್ನೂ ಹೇಳಬೇಕು. ವರದಿ ಕೈಸೇರುವುದು ಒಮ್ಮೊಮ್ಮೆ ಬಹಳ ತಡವಾಗಿ, ಬಿತ್ತನೆಯ ಹದ ಮೀರಿದ ಮೇಲೆ ಬಂದದ್ದೂ ಉಂಟು. ಅದಕ್ಕಿಂತ ಮುಖ್ಯವಾಗಿ, ಶಿಫಾರಸುಗಳೆಲ್ಲವೂ ಹೆಕ್ಟೇರಿನ ಲೆಕ್ಕದಲ್ಲಿರುತ್ತವೆ. ಒಂದು ಗುಂಟೆ ಹೆಚ್ಚುಕಡಿಮೆ ಹೆಕ್ಟೇರಿನ ನೂರನೆಯ ಒಂದು ಭಾಗವಾದ್ದರಿಂದ, ವರದಿಯ ಕಿಲೋ ಅಂಕಿಯನ್ನು ನೂರರಿಂದ ಭಾಗಿಸಿದರೆ ಗುಂಟೆಯ ಲೆಕ್ಕ ಸಿಗುತ್ತದೆ: ಸುಣ್ಣ 2 ಟನ್ ಎಂದರೆ ಗುಂಟೆಗೆ 20 ಕಿಲೋ, ಸತುವಿನ ಸಲ್ಫೇಟ್ 25 ಕಿಲೋ ಎಂದರೆ 250 ಗ್ರಾಂ, ಬೋರಾನ್ ಒದಗಿಸುವ ಬೋರಾಕ್ಸ್ 10 ಕಿಲೋ ಎಂದರೆ 100 ಗ್ರಾಂ. ಬೋರಾಕ್ಸ್ ವಿಷಯದಲ್ಲಿ ಅಂದಾಜು ಮಾಡಲೇಬಾರದು, ಏಕೆಂದರೆ ಬೋರಾನಿನ ಕೊರತೆಗೂ ಅತಿಯಾಗಿ ಗಿಡ ಸುಡುವುದಕ್ಕೂ ನಡುವಿನ ಅಂತರ ತೀರ ಕಿರಿದು.

ಹೊಲದ ಮಣ್ಣು ಪರೀಕ್ಷಿಸಿ ಸರ್ಕಾರ ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡ್ ಇರುವವರು ಅದನ್ನೇ ಹಿತ್ತಿಲಿಗೂ ಅನ್ವಯಿಸಿಕೊಳ್ಳುವುದನ್ನು ಕಂಡಿದ್ದೇನೆ. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ರಸಸಾರದಿಂದ ಬೋರಾನಿನವರೆಗೆ 12 ಅಂಶಗಳ ಪರೀಕ್ಷೆ ಇದೆ, ಅದು ಒಳ್ಳೆಯದೇ. ಆದರೆ ಯೋಜನೆಯ ಕ್ರಮದಲ್ಲಿ ಮಾದರಿ ತೆಗೆಯುವುದು ನೀರಾವರಿ ಭೂಮಿಯಾದರೆ 2.5 ಹೆಕ್ಟೇರಿಗೆ, ಮಳೆಯಾಶ್ರಿತವಾದರೆ 10 ಹೆಕ್ಟೇರಿಗೆ ಒಂದರಂತೆ. ವರ್ಷವೂ ಬೂದಿ, ಗೊಬ್ಬರ ಬಿದ್ದ ಹಿತ್ತಿಲಿನ ಮಣ್ಣು ಅದರಲ್ಲಿ ಸೇರಿರುವುದಿಲ್ಲ. ಹಿತ್ತಿಲಿಗೆ ಪ್ರತ್ಯೇಕ ಮಾದರಿಯನ್ನೇ ಕೊಡಬೇಕು.

ಆನ್‌ಲೈನಿನಲ್ಲಿ ಸಿಗುವ, ಮಣ್ಣಿಗೆ ಚುಚ್ಚಿ ರಸಸಾರ ನೋಡುವ ಅಗ್ಗದ ಮೀಟರನ್ನೂ ಬಳಸಿ ನೋಡಿದ್ದೇನೆ. ಮಣ್ಣಿನ ತೇವ ಬದಲಾದಂತೆ ಅದರ ಮುಳ್ಳೂ ಬದಲಾಗುತ್ತದೆ. ಅದನ್ನು ನಂಬಿ ಸುಣ್ಣ ಹಾಕುವುದು ಬೇಡ.

ಪ್ರಯೋಗಾಲಯ ಎಷ್ಟೇ ಉತ್ತಮವಾಗಿದ್ದರೂ ಮಾದರಿ ಸರಿಯಿಲ್ಲದಿದ್ದರೆ ವರದಿಗೆ ಬೆಲೆಯಿಲ್ಲ. ಬೆಳೆ ಮುಗಿದು, ಹೊಸ ಗೊಬ್ಬರ ಹಾಕುವ ಮೊದಲು, ಬೇಸಿಗೆಯಲ್ಲಿ ತೆಗೆಯುವುದು ಸೂಕ್ತ. ಗೊಬ್ಬರಗುಂಡಿ, ಮರದ ಬುಡ, ಬದುಗಳನ್ನು ಬಿಟ್ಟು, ಅಂಕುಡೊಂಕಾಗಿ ನಡೆದು, ಅಲ್ಲಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಅದರ ಬದಿಯಿಂದ 15 ಸೆಂಟಿಮೀಟರ್ ಆಳದವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆಯಬೇಕು. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಉಳಿಸಿಕೊಳ್ಳುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಕೊಡಬೇಕು. ಸತು ಲೇಪಿಸಿದ ಬಕೆಟ್ಟಿನಲ್ಲಿ ಬೆರೆಸಿದರೆ ಸತುವಿನ ಅಂಕಿಯೇ ತಪ್ಪಾಗಬಹುದು. ಪ್ಲಾಸ್ಟಿಕ್ ಬುಟ್ಟಿ ಸಾಕು. ರಸಸಾರ 6.5ರ ಆಸುಪಾಸಿಗೆ ಬಂದ ಮೇಲೆ ಮತ್ತೆ ಪರೀಕ್ಷೆ ಮಾಡಿಸದೆ ಸುಣ್ಣ ಹಾಕುತ್ತಾ ಹೋಗಬಾರದು, ಸುಣ್ಣ ಅತಿಯಾದರೆ ಸತು ಮತ್ತು ಬೋರಾನ್ ಗಿಡಕ್ಕೆ ಸಿಗದಾಗುತ್ತವೆ.