ಅಡ್ಡ ಮಲಗಿದ ಸ್ಕ್ರೀನು, ಮೂರು ದಾರಿ: ಎಕ್ಸ್‌ರಾಂಡರ್, ಸ್ವೇ, ಗ್ನೋಮ್

ಎಂಟು ಇಂಚಿನ ಪುಟ್ಟ ಲ್ಯಾಪ್‌ಟಾಪ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಪುಸ್ತಕದ ಹಾಗೆ ಹಿಡಿದು ಓದಬಹುದು, ಕೊಂಡಿದ್ದೇ ಅದಕ್ಕೆ. ಲಿನಕ್ಸ್ ಹಾಕಿ ಆನ್ ಮಾಡಿದರೆ ಅಕ್ಷರಗಳೆಲ್ಲ ಅಡ್ಡ ಮಲಗಿವೆ! ಕತ್ತು ವಾಲಿಸಿಕೊಂಡೇ ಪಾಸ್‌ವರ್ಡ್ ಹೊಡೆದೆ. ಅಲ್ಲಿಂದ ಒಂದು ತಿಂಗಳು ಮೂರು ದಾರಿ ಹಿಡಿದು ನೋಡಿದೆ. ಕರ್ನಲ್‌ಗೇ (ಲಿನಕ್ಸ್‌ನ ತಿರುಳು) ದಿಕ್ಕು ಹೇಳಿಬಿಟ್ಟು, ಅದರ ಮೇಲೆ ವೇಲ್ಯಾಂಡ್‌ನಲ್ಲಿ (ಸ್ಕ್ರೀನಿಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆ) ಗ್ನೋಮ್ ಡೆಸ್ಕ್‌ಟಾಪ್ ಓಡಿಸುವುದು ನನಗೆ ಒಗ್ಗಿತು. ಉಳಿದೆರಡು ಯಾಕೆ ಒಗ್ಗಲಿಲ್ಲ ಅಂತ ಹೇಳಬೇಕು, ಅದರಲ್ಲೂ ಮೊದಲನೆಯದು.

ಕಾರಣ ಸರಳ. ಸ್ಕ್ರೀನಿನ ಅಳತೆ ಕೇಳಿದರೆ 1280x800 ಅಂತ ಬರಬೇಕಾದ ಕಡೆ 800x1280 ಅಂತ ಬಂತು. ಇಂಥ ಸಣ್ಣ ಮೆಷಿನ್‌ಗಳಿಗೆ ಟ್ಯಾಬ್ಲೆಟ್‌ಗೆಂದು ಮಾಡಿದ ಪ್ಯಾನೆಲನ್ನೇ ಅಡ್ಡಲಾಗಿ ಕೂರಿಸಿರುತ್ತಾರೆ. ಹೀಗೆ ಕೂರಿಸಿದ ಮೆಷಿನ್‌ಗಳ ಒಂದು ಪಟ್ಟಿ ಕರ್ನಲ್ ಒಳಗೇ ಇದೆ; ಬಯೋಸ್‌ನಲ್ಲಿ ಬರೆದಿರುವ ಕಂಪನಿ ಮತ್ತು ಮಾಡೆಲ್ ಹೆಸರು ನೋಡಿ ಅದು ಗುರುತು ಹಿಡಿಯುತ್ತದೆ. ನನ್ನದರಲ್ಲಿ ಹೆಸರಿನ ಜಾಗದಲ್ಲಿ 'ಡೀಫಾಲ್ಟ್ ಸ್ಟ್ರಿಂಗ್' ಅಂತಷ್ಟೇ ಇತ್ತು. ತಯಾರಿಸಿದವರು ಹೆಸರನ್ನೇ ತುಂಬಿಲ್ಲ, ಇನ್ನು ಕರ್ನಲ್ ಹೇಗೆ ಗುರುತು ಹಿಡಿದೀತು?

ಇರುವ ರ‍್ಯಾಮ್ 4 ಜಿಬಿ. ಹಗುರವಾಗಿರಲಿ ಅಂತ ಮೊದಲು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿ, ಸ್ಕ್ರೀನ್ ತಿರುಗಿಸುವ ಎಕ್ಸ್‌ರಾಂಡರ್‌ನಲ್ಲಿ ಬಲಕ್ಕೆ ತಿರುಗಿಸು ಅಂತ ಒಂದು ಕಮಾಂಡ್ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಕ್ರೀನು ನೆಟ್ಟಗಾಯಿತು. ಖುಷಿಯಿಂದ ಎಡ ಮೂಲೆಯ ಮೆನು ಮುಟ್ಟಿದೆ. ಬಾಣ ಬಲ ಮೂಲೆಗೆ ಹೋಯಿತು. ಬೆರಳನ್ನು ಕೆಳಕ್ಕೆ ಎಳೆದರೆ ಅದು ಎಡಕ್ಕೆ ಸರಿಯುತ್ತದೆ. ತಿರುಗಿದ್ದು ಚಿತ್ರ ಮಾತ್ರ. ಟಚ್ ಇನ್ನೂ ಪ್ಯಾನೆಲಿನ ಹಳೇ ದಿಕ್ಕಿನಲ್ಲೇ ಇತ್ತು. ಎಕ್ಸ್‌ನಲ್ಲಿ (ವೇಲ್ಯಾಂಡ್‌ಗಿಂತ ಹಳೆಯ ವ್ಯವಸ್ಥೆ, ಎಕ್ಸ್‌ಎಫ್‌ಸಿಇ ಓಡಿದ್ದು ಇದರ ಮೇಲೆ) ಇವೆರಡೂ ಬೇರೆ ಬೇರೆ ಬಾಬತ್ತು.

ಅದಕ್ಕೂ ಮದ್ದಿದೆ. ಎಕ್ಸ್‌ಇನ್‌ಪುಟ್ ಅನ್ನುವ ಕಮಾಂಡಿಗೆ ಟಚ್‌ನ ನಂಬರು ಹೇಳಿ ಒಂಬತ್ತು ಅಂಕಿಗಳ ಒಂದು ಮ್ಯಾಟ್ರಿಕ್ಸ್ ಕೊಡಬೇಕು. ಬಲಕ್ಕೆ ತಿರುಗಿಸಿದ್ದರೆ 0 1 0, -1 0 1, 0 0 1. ಕೊಟ್ಟೆ, ಸರಿಹೋಯಿತು. ಎರಡೂ ಕಮಾಂಡನ್ನು ಒಂದು ಸ್ಕ್ರಿಪ್ಟಿಗೆ ಸೇರಿಸಿ, ಲಾಗಿನ್ ಆದ ಕೂಡಲೇ ಓಡುವ ಹಾಗೆ ಇಟ್ಟೆ.

ಮರುದಿನ ಮುಚ್ಚಳ ಮುಚ್ಚಿ ತೆರೆದರೆ ಟಚ್ ಮತ್ತೆ ಹಳೇ ಚಾಳಿಗೆ ಬಿದ್ದಿತ್ತು. ನಿದ್ದೆಯಿಂದ ಎದ್ದಾಗ ಅದು ಹೊಸದಾಗಿ ಜೋಡಿಸಿದ ಸಾಧನದಂತೆ ಬರುತ್ತದೆ, ಕೊಟ್ಟಿದ್ದ ಮ್ಯಾಟ್ರಿಕ್ಸ್ ಅಳಿಸಿಹೋಗಿರುತ್ತದೆ. ಎದ್ದ ಮೇಲೂ ಸ್ಕ್ರಿಪ್ಟ್ ಓಡುವ ಹಾಗೆ ಮಾಡಿದೆ, ಆಗಲೂ ಆಗಲಿಲ್ಲ. ನೋಡಿದರೆ ನಿನ್ನೆ 11 ಇದ್ದ ಸಾಧನದ ನಂಬರು ಇವತ್ತು 13 ಆಗಿದೆ. ನಂಬರು ಬಿಟ್ಟು ಹೆಸರು ಬರೆದೆ. ಆಗ ಅದೇ ಹೆಸರಿನ ಸಾಧನ ಒಂದಕ್ಕಿಂತ ಹೆಚ್ಚಿದೆ ಅಂತ ತಕರಾರು: ಬೆರಳಿಗೊಂದು, ಪೆನ್ನಿಗೊಂದು, ಎರಡಕ್ಕೂ ಒಂದೇ ಹೆಸರು! ಎರಡನ್ನೂ ಹುಡುಕಿ ಎರಡಕ್ಕೂ ಮ್ಯಾಟ್ರಿಕ್ಸ್ ಹಾಕುವಷ್ಟರಲ್ಲಿ ಸ್ಕ್ರಿಪ್ಟು ಒಂದು ಪುಟ ದಾಟಿತು. ಇಷ್ಟಾದರೂ ಲಾಗಿನ್ ಸ್ಕ್ರೀನು ಮಾತ್ರ ಅಡ್ಡವೇ. ಅದು ನಾನು ಒಳಗೆ ಬರುವ ಮುಂಚೆ ಓಡುವಂಥದ್ದು, ಅದಕ್ಕೆ ಬೇರೆಯದೇ ಸ್ಕ್ರಿಪ್ಟ್ ಬೇಕು. ಮೇಲಿಂದ ಸರಿಮಾಡಲು ಹೊರಟರೆ ಒಂದೊಂದು ಪದರಕ್ಕೂ ಹೋಗಿ ದಿಕ್ಕು ಹೇಳಿಕೊಡಬೇಕು, ಒಂದನ್ನು ಮರೆತರೂ ಅಲ್ಲಿಗೆ ಕೆಟ್ಟಿತು.

ಇನ್ನೊಂದು: ತಿರುಗಿಸಿದ ಮೇಲೆ ಒತ್ತಕ್ಷರಗಳ ಅಂಚಿಗೆ ಕೆಂಪು, ನೀಲಿ ಛಾಯೆ ಬಂದಿತ್ತು. ಫಾಂಟ್ ಸೆಟ್ಟಿಂಗ್‌ನಲ್ಲಿ ಸಬ್‌ಪಿಕ್ಸೆಲ್ ತೆಗೆದರೆ ಹೋಗುತ್ತದೆ.

ಎರಡನೆಯದು ಸ್ವೇ, ವೇಲ್ಯಾಂಡ್‌ನಲ್ಲೇ ಓಡುವ ಹಗುರ ಡೆಸ್ಕ್‌ಟಾಪ್. ಅದರ ಬಗ್ಗೆ ನನ್ನದೇನೂ ದೂರಿಲ್ಲ. ಕಾನ್ಫಿಗ್ ಫೈಲಿನಲ್ಲಿ ಟ್ರಾನ್ಸ್‌ಫಾರ್ಮ್ 90 ಅಂತ ಒಂದು ಸಾಲು, ಟಚ್ಚನ್ನು ಸ್ಕ್ರೀನಿಗೆ ಕಟ್ಟಿಹಾಕಲು ಇನ್ನೊಂದು, ಅಷ್ಟೇ. ಆಮೇಲೆ ಸ್ಕ್ರೀನು ಯಾವ ಕಡೆ ತಿರುಗಿದರೂ ಟಚ್ ಹಿಂದೆಯೇ ಬರುತ್ತದೆ, ನಿದ್ದೆಯಿಂದ ಎದ್ದರೂ ಮರೆಯುವುದಿಲ್ಲ. ರ‍್ಯಾಮ್ ಕೂಡ ತೀರಾ ಕಡಿಮೆ ಸಾಕು. ಆದರೆ ಸ್ವೇ ನಡೆಯುವುದು ಕೀಬೋರ್ಡಿನಿಂದ. ಪುಸ್ತಕದ ಹಾಗೆ ಮಡಚಿದಾಗ ಕೀಬೋರ್ಡ್ ಹಿಂಬದಿಗೆ ಹೋಗಿರುತ್ತದೆ. ನಾನಾಗಿ ಏನೂ ಜೋಡಿಸದಿದ್ದರೆ ತಾನಾಗಿ ತಿರುಗುವುದೂ ಇಲ್ಲ.

ಕೊನೆಗೆ ಗ್ನೋಮ್. ಅದಕ್ಕೂ ಮುಂಚೆ ಗ್ರಬ್ (ಆನ್ ಮಾಡಿದಾಗ ಕರ್ನಲನ್ನು ಶುರುಮಾಡುವ ಪ್ರೋಗ್ರಾಂ) ಫೈಲಿನ ಕರ್ನಲ್ ಸಾಲಿಗೆ ವಿಡಿಯೊ ಆಪ್ಶನ್ ಸೇರಿಸಿದೆ: ಸ್ಕ್ರೀನಿನ ಹೆಸರು (ನನ್ನದರಲ್ಲಿ ಡಿಎಸ್‌ಐ-1, ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇಡಿಪಿ-1), ಅದರ ಪಕ್ಕ ಪ್ಯಾನೆಲ್ ಓರಿಯೆಂಟೇಶನ್ 'ರೈಟ್ ಸೈಡ್ ಅಪ್'. ತಲೆಕೆಳಗಾಗಿ ಬಂದರೆ 'ಲೆಫ್ಟ್ ಸೈಡ್ ಅಪ್' ಹಾಕಿ. ಗ್ರಬ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದರೆ ಬೂಟ್ ಮೆಸೇಜು, ಲಾಗಿನ್, ಡೆಸ್ಕ್‌ಟಾಪ್ ಎಲ್ಲ ನೆಟ್ಟಗೆ. ಟಚ್‌ಗೆಂದು ಒಂದಕ್ಷರವನ್ನೂ ಬರೆಯಲಿಲ್ಲ, ಎಡ ಮೂಲೆ ಮುಟ್ಟಿದರೆ ಎಡ ಮೂಲೆಯೇ ತೆರೆಯಿತು. ಎಫ್‌ಬಿಕಾನ್ ರೊಟೇಟ್ ಅನ್ನುವ ಇನ್ನೊಂದು ಆಪ್ಶನ್ ಕಣ್ಣಿಗೆ ಬೀಳುತ್ತದೆ. ಅದು ಕಪ್ಪು ಟೆಕ್ಸ್ಟ್ ಕನ್ಸೋಲನ್ನು ಮಾತ್ರ ತಿರುಗಿಸುತ್ತದೆ. ಅದನ್ನೇ ನಂಬಿ ನನ್ನ ಒಂದು ಸಂಜೆ ಹೋಯಿತು.

ಗ್ರಬ್ ಮೆನು ಇನ್ನೂ ಅಡ್ಡವೇ ಬರುತ್ತದೆ, ಕರ್ನಲ್ ಬರುವ ಮುಂಚಿನದು ಅದು.

ತಾನಾಗಿ ತಿರುಗಲು ಐಐಒ ಸೆನ್ಸರ್ ಪ್ರಾಕ್ಸಿ (ಮೆಷಿನ್ ಯಾವ ಕಡೆ ವಾಲಿದೆ ಅಂತ ಸೆನ್ಸರಿನಿಂದ ತಿಳಿದು ಡೆಸ್ಕ್‌ಟಾಪ್‌ಗೆ ಹೇಳುವ ಪ್ರೋಗ್ರಾಂ) ಇದ್ದರೆ ಸಾಕು. ನನ್ನದರಲ್ಲಿ ಶುರುವಿಗೆ ನಿಲ್ಲಿಸಿ ಹಿಡಿದರೆ ಪುಟ ತಲೆಕೆಳಗಾಗುತ್ತಿತ್ತು. ಸೆನ್ಸರನ್ನು ಬೋರ್ಡಿನ ಮೇಲೆ ಬೇರೆ ದಿಕ್ಕಿಗೆ ಕೂರಿಸಿದ್ದಾರೆ. ಹಾರ್ಡ್‌ವೇರ್ ಡೇಟಾಬೇಸ್ ಫೈಲಿನಲ್ಲಿ ಅದರ ಮೌಂಟ್ ಮ್ಯಾಟ್ರಿಕ್ಸ್ ಒಂದು ಸಲ ಬರೆದೆ, ಮತ್ತೆ ಆ ಕಡೆ ತಲೆಹಾಕಿಲ್ಲ. ಮಲಗಿ ಓದುವಾಗ ಮಾತ್ರ ರೊಟೇಶನ್ ಲಾಕ್ ಒತ್ತಿಕೊಳ್ಳುತ್ತೇನೆ.

ಗ್ನೋಮ್ ಭಾರ ನಿಜ. ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ದಾಟಿದರೆ ಮೆಷಿನ್ ಏದುಸಿರು ಬಿಡುತ್ತದೆ. ರ‍್ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಹೆಚ್ಚಿಸಲು ಬರುವುದಿಲ್ಲ, ಇನ್ನೊಂದು ಮೆಷಿನ್ ಕೊಳ್ಳುವ ದುಡ್ಡೂ ಸದ್ಯಕ್ಕಿಲ್ಲ. ಆದರೆ ದಿನಕ್ಕೆ ಎರಡು ಗಂಟೆ ಪಿಡಿಎಫ್ ಓದುವವನಿಗೆ ಟ್ಯಾಬ್‌ಗಿಂತ ಬೆರಳು ಮುಖ್ಯ. ಎಕ್ಸ್‌ಎಫ್‌ಸಿಇ ತೆಗೆದುಹಾಕಿದ್ದೇನೆ. ಸ್ವೇ ಹಾಗೇ ಇದೆ. ಓದುವುದು ಬಿಟ್ಟು ಇಡೀ ದಿನ ಬರೆಯಬೇಕಾದಾಗ ಅದರಲ್ಲೇ ಲಾಗಿನ್ ಆಗುತ್ತೇನೆ.