ಮಾತು ಕಮ್ಮಿ ಇರುವವರಿಗೆ ಯಾವ ಕಥೆ ಆಟ? ಡಿಕ್ಸಿಟ್, ವನ್ಸ್ ಅಪಾನ್ ಎ ಟೈಮ್, ಸ್ಟೋರಿ ಕ್ಯೂಬ್ಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಕ್ಸಿಟ್‌ಗೆ. ಒಂದೂವರೆ ವರ್ಷದಿಂದ ನಮ್ಮ ಮನೆಯಲ್ಲಿ ಜಾಸ್ತಿ ಆಡುವುದು ಅದನ್ನೇ. ಅದಕ್ಕೂ ಮುಂಚೆ ತಂದ ವನ್ಸ್ ಅಪಾನ್ ಎ ಟೈಮ್ ಕಪಾಟು ಸೇರಿದೆ. ಅದು ಕೆಟ್ಟ ಆಟವೇನೂ ಅಲ್ಲ. ನಮ್ಮ ಮನೆಯಲ್ಲಿ ಯಾರು ಹೇಗೆ ಮಾತಾಡುತ್ತಾರೆ ಅಂತ ಯೋಚಿಸದೆ ಕೊಂಡುಬಿಟ್ಟೆ.

ನಾವು ಆಡುವವರು ಐದು ಜನ. ನಾನು, ನನ್ನ ಹೆಂಡತಿ, ಅಮ್ಮ, 10 ವರ್ಷದ ಮಗಳು, ರಜೆ ಬಂತೆಂದರೆ ಅಕ್ಕನ ಮಗ. ಅವನಿಗೆ 15. ಒಮ್ಮೆ ಬಾಯಿ ತೆರೆದರೆ ನಿಲ್ಲಿಸುವುದು ಕಷ್ಟ. ಮಗಳು ಅದಕ್ಕೆ ತದ್ವಿರುದ್ಧ. ಒಬ್ಬಳೇ ಇದ್ದಾಗ ಗೊಂಬೆಗಳಿಗೆ ಗಂಟೆಗಟ್ಟಲೆ ಕಥೆ ಹೇಳುತ್ತಾಳೆ. ನಾಲ್ಕು ಜನ ಸೇರಿದರೆ ತುಟಿ ಬಿಚ್ಚುವುದಿಲ್ಲ. ಅವಳು ಎಲ್ಲರ ಮುಂದೆ ಒಂದು ಕಥೆ ಹೇಳುವಂತಾಗಲಿ ಅಂತಲೇ ನಾನು ಈ ಆಟಗಳ ಹಿಂದೆ ಬಿದ್ದಿದ್ದು.

ವನ್ಸ್ ಅಪಾನ್ ಎ ಟೈಮ್ 1993ರಲ್ಲಿ ಬಂದ ಹಳೆಯ ಆಟ. ಕೈಯಲ್ಲಿ ಕೆಲವು ಕಾರ್ಡುಗಳಿರುತ್ತವೆ. ರಾಜಕುಮಾರಿ, ಕಾಡು, ಕತ್ತಿ, ಹೀಗೆ. ಕಥೆ ಹೇಳುತ್ತಾ ಹೇಳುತ್ತಾ ಆ ವಸ್ತು ಬಂದಾಗ ಆ ಕಾರ್ಡು ಇಳಿಸಬೇಕು. ಜೊತೆಗೆ ಪ್ರತಿಯೊಬ್ಬರಿಗೂ ಕಥೆಯ ಕೊನೆಯ ಸಾಲು ಬರೆದ ಒಂದು ಮುಕ್ತಾಯದ ಕಾರ್ಡು ಕೊಟ್ಟಿರುತ್ತಾರೆ. ಕೈಯಲ್ಲಿರುವುದೆಲ್ಲ ಖಾಲಿ ಮಾಡಿ, ಕಥೆಯನ್ನು ಆ ಸಾಲಿಗೆ ತಂದು ನಿಲ್ಲಿಸಿದವರು ಗೆದ್ದಂತೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ, ಅಲ್ವಾ?

ತೊಡಕು ಇರುವುದು ಅಡ್ಡ ಬಾಯಿ ಹಾಕುವ ನಿಯಮದಲ್ಲಿ. ನೀವು ಹೇಳುವ ಕಥೆಯಲ್ಲಿ ಬಂದ ವಸ್ತುವಿನ ಕಾರ್ಡು ನನ್ನ ಕೈಯಲ್ಲಿದ್ದರೆ ನಾನು ಅದನ್ನು ಇಳಿಸಿ ಕಥೆಯನ್ನೇ ಕಿತ್ತುಕೊಳ್ಳಬಹುದು. ಕಥೆ ಕಳೆದುಕೊಂಡವರು ಮೇಲಿಂದ ಇನ್ನೊಂದು ಕಾರ್ಡು ಎತ್ತಿಕೊಳ್ಳಬೇಕು. ಮಾತು ತಡವರಿಸಿ ಸ್ವಲ್ಪ ಹೊತ್ತು ಸುಮ್ಮನಾದರೂ ಅದೇ ಗತಿ. ಅಂದರೆ ಬಾಯಿ ಚುರುಕಿದ್ದವರ ಕೈ ಬೇಗ ಖಾಲಿಯಾಗುತ್ತದೆ, ನಿಧಾನಿಗಳ ಕೈಯಲ್ಲಿ ಕಾರ್ಡು ಬೆಳೆಯುತ್ತಾ ಹೋಗುತ್ತದೆ.

ಮೊದಲ ರಾತ್ರಿ ಮಗಳು ಧೈರ್ಯ ಮಾಡಿ ಶುರು ಮಾಡಿದಳು. "ಒಬ್ಬಳು ರಾಜಕುಮಾರಿ ಇದ್ದಳು. ಅವಳಿಗೆ ನಿದ್ದೆ ಬರ್ತಿರಲಿಲ್ಲ. ಅದಕ್ಕೆ ಅವಳು ಕಾಡಿಗೆ..." ಅಷ್ಟೇ. ಅಕ್ಕನ ಮಗ ಕಾಡಿನ ಕಾರ್ಡನ್ನು ಮೇಜಿಗೆ ಬಡಿದ. ಅವನು ಮಾಡಿದ್ದು ನಿಯಮದ ಪ್ರಕಾರ ಸರಿಯೇ. ಆದರೆ ಆ ರಾಜಕುಮಾರಿಗೆ ನಿದ್ದೆ ಯಾಕೆ ಬರುತ್ತಿರಲಿಲ್ಲ ಅಂತ ನಮಗ್ಯಾರಿಗೂ ಗೊತ್ತಾಗಲಿಲ್ಲ. ಎರಡು ನಿಮಿಷದಲ್ಲಿ ಕಥೆ ಕತ್ತಿ ಕಾಳಗಕ್ಕೆ ಇಳಿದಿತ್ತು. ಮೂರು ಸಲ ಹೀಗಾಯಿತು. ನಾಲ್ಕನೇ ಸಲ ಅವಳು ಕಾರ್ಡುಗಳನ್ನು ಜೋಡಿಸಿಟ್ಟು, "ನೀವೇ ಆಡಿ, ನಾನು ನೋಡ್ತೀನಿ" ಅಂದಳು.

ಇದರ ಜೊತೆಗೆ ಭಾಷೆಯ ಗೋಜು. ಕಾರ್ಡಿನ ಮೇಲೆ ಹೆಸರು ಇಂಗ್ಲಿಷಿನಲ್ಲಿ, ನಾವು ಕಥೆ ಹೇಳುವುದು ಕನ್ನಡದಲ್ಲಿ. ಅಮ್ಮ ಕಥೆಯಲ್ಲಿ ಒಬ್ಬ ರಾಕ್ಷಸನನ್ನು ತಂದರು. ಒಂದು ಕಡೆಯಿಂದ ಹೆಂಡತಿ 'ಜೈಂಟ್' ಕಾರ್ಡು ಇಳಿಸಿದಳು, ಇನ್ನೊಂದು ಕಡೆಯಿಂದ ಅಕ್ಕನ ಮಗ 'ಮಾನ್ಸ್ಟರ್' ಇಳಿಸಿದ. ರಾಕ್ಷಸ ಇಬ್ಬರದ್ದೂ ಹೌದು! ಇಂಥ ತಕರಾರನ್ನು ಆಡುವವರೇ ಸೇರಿ ತೀರ್ಮಾನಿಸಿಕೊಳ್ಳಬೇಕು. ತೀರ್ಮಾನ ಮಾಡಿದೆವು, ಹತ್ತು ನಿಮಿಷದ ಮೇಲೆ. ಅಷ್ಟರಲ್ಲಿ ಅಮ್ಮನಿಗೆ ತಮ್ಮ ಕಥೆ ಎಲ್ಲಿಗೆ ಬಂದಿತ್ತು ಅನ್ನುವುದೇ ಮರೆತುಹೋಗಿತ್ತು. ಕಥೆಯ ಮಧ್ಯೆ "ಅವನು ಮರದ ಕೆಳಗೆ ಕೂತ" ಅಂದರೆ ಆ ಮರ ಲೆಕ್ಕಕ್ಕುಂಟೋ ಇಲ್ಲವೋ ಅಂತ ಇನ್ನೊಂದು ವಾದ.

ನಮ್ಮದೇ ನಿಯಮ ಮಾಡಿಕೊಂಡೂ ನೋಡಿದೆವು. ಐದು ವಾಕ್ಯ ಮುಗಿಯುವವರೆಗೆ ಯಾರೂ ಬಾಯಿ ಹಾಕಬಾರದು ಅಂತ. ಮಗಳಿಗೆ ಅನುಕೂಲವಾಯಿತು. ಆದರೆ ಉಳಿದವರು ಕಥೆ ಕೇಳುವ ಬದಲು ಬೆರಳು ಮಡಚಿ ವಾಕ್ಯ ಎಣಿಸತೊಡಗಿದರು. ಆಟದ ಬಿಸಿಯೂ ಹೋಯಿತು. ಅದರ ಜೀವ ಇರುವುದೇ ಕಿತ್ತುಕೊಳ್ಳುವುದರಲ್ಲಿ. ಮಾತಿಗೆ ಮಾತು ಕೊಡುವ ನಾಲ್ಕು ಜನ ಗೆಳೆಯರು ಸೇರಿದರೆ ಇದು ಭರ್ಜರಿ ಆಟ. ಅಕ್ಕನ ಮಗ ತನ್ನ ಸ್ನೇಹಿತರ ಜೊತೆ ಆಡಿ ಮೇಜು ಕುಟ್ಟಿ ನಗುವುದನ್ನು ನಾನೇ ಕಂಡಿದ್ದೇನೆ.

ಡಿಕ್ಸಿಟ್ ತಂದಿದ್ದು ಇದಾದ ಮೇಲೆ. ಫ್ರಾನ್ಸಿನ ಜಾನ್ ಲೂಯಿ ರೂಬಿರಾ ಮಾಡಿದ ಆಟ ಇದು. 2008ರಲ್ಲಿ ಬಂತು, 2010ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಪಡೆಯಿತು. 84 ಕಾರ್ಡುಗಳು, ಒಂದರ ಮೇಲೂ ಅಕ್ಷರ ಇಲ್ಲ. ಬರೀ ಕನಸಿನಂಥ ಚಿತ್ರಗಳು. ರಾಕ್ಷಸನ ಜಗಳ ಅಲ್ಲಿಗೇ ಮುಗಿಯಿತು.

ಸರದಿ ಬಂದವರು ತಮ್ಮ ಕೈಯ 6 ಕಾರ್ಡುಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಒಂದು ಮಾತು ಹೇಳಿ, ಕವುಚಿ ಇಡುತ್ತಾರೆ. ಆ ಮಾತಿಗೆ ಹೊಂದುವ ಒಂದೊಂದು ಕಾರ್ಡನ್ನು ಉಳಿದವರೂ ಕೊಡುತ್ತಾರೆ. ಎಲ್ಲ ಕಲೆಸಿ ಹರಡಿದ ಮೇಲೆ, ಹೇಳಿದವರ ಕಾರ್ಡು ಯಾವುದು ಅಂತ ಊಹಿಸಬೇಕು. ಇಲ್ಲಿದೆ ನೋಡಿ ಇದರ ಜಾಣತನ: ಎಲ್ಲರೂ ಕಂಡುಹಿಡಿದರೂ ಹೇಳಿದವರಿಗೆ ಸೊನ್ನೆ, ಒಬ್ಬರೂ ಕಂಡುಹಿಡಿಯದಿದ್ದರೂ ಸೊನ್ನೆ. ಕೆಲವರಿಗೆ ಗೊತ್ತಾಗಿ ಕೆಲವರಿಗೆ ಗೊತ್ತಾಗದಿದ್ದರೆ ಮಾತ್ರ 3 ಪಾಯಿಂಟ್. ಹಾಗಾಗಿ ಬಿಡಿಸಿ ಬಿಡಿಸಿ ಹೇಳುವ ಅಕ್ಕನ ಮಗ ಮೊದಲ ಎರಡು ಸರದಿಯಲ್ಲೂ ಸೊನ್ನೆ ಸುತ್ತಿದ. ಅರ್ಧ ಹೇಳಿ ಅರ್ಧ ಒಳಗೇ ಇಟ್ಟುಕೊಳ್ಳುವವರಿಗೆ ಈ ಆಟ ಹೇಳಿ ಮಾಡಿಸಿದಂತಿದೆ. ಇನ್ನೊಬ್ಬರ ಮಾತು ಕಿತ್ತುಕೊಳ್ಳಲು ದಾರಿಯೇ ಇಲ್ಲ.

ಮಗಳ ಸರದಿ ಬಂತು. ಎರಡು ನಿಮಿಷ ಕಾರ್ಡುಗಳನ್ನೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಅಮ್ಮ ಬರೋಕೆ ಮುಂಚೆ" ಅಂದಳು.

ಐದು ಚಿತ್ರಗಳನ್ನು ಹರಡಿದೆವು. ನಾನು ತೆರೆದ ಬಾಗಿಲಿನ ಚಿತ್ರಕ್ಕೆ ಓಟು ಹಾಕಿದೆ. ಹೆಂಡತಿ, ಅಕ್ಕನ ಮಗ ಬೇರೆ ಬೇರೆ ಕಡೆ ಹೋದರು. ಅವಳದ್ದು ಮೆಟ್ಟಿಲುಗಳ ಚಿತ್ರ. ಕಂಡುಹಿಡಿದಿದ್ದು ಅಜ್ಜಿ ಒಬ್ಬರೇ. ಯಾಕೆ ಮೆಟ್ಟಿಲು ಅಂತ ಕೇಳಿದೆ. "ಮೆಟ್ಟಿಲ ಮೇಲೆ ಅಮ್ಮನ ಚಪ್ಪಲಿ ಸದ್ದು ಕೇಳಿದ ತಕ್ಷಣ ನಾನೂ ಅಜ್ಜಿನೂ ಟಿವಿ ಆಫ್ ಮಾಡ್ತೀವಲ್ಲಾ, ಅದು" ಅಂದಳು. ಅಲ್ಲಿಗೆ ನಿಲ್ಲಿಸಲಿಲ್ಲ. ರಿಮೋಟು ಎಲ್ಲಿ ಬಚ್ಚಿಡುತ್ತಾರೆ, ಒಂದು ದಿನ ಸಿಕ್ಕಿಬೀಳುವುದು ಹೇಗೆ ತಪ್ಪಿತು, ಎಲ್ಲ ಹೇಳಿದಳು. ನಾಲ್ಕು ಜನರ ಮುಂದೆ, ಯಾರೂ ಒತ್ತಾಯ ಮಾಡದೆ. ನನಗೆ ಆ ದಿನವೇ ದುಡ್ಡು ವಸೂಲಾಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಡಿಕ್ಸಿಟ್‌ನಲ್ಲಿ ನಿಯಮದ ಪ್ರಕಾರ ಉದ್ದ ಕಥೆ ಇಲ್ಲ, ಬರೀ ಒಂದು ಸುಳಿವು. "ಯಾಕೆ ಆ ಕಾರ್ಡು?" ಅಂತ ಪ್ರತಿ ಸುತ್ತಿನ ಕೊನೆಗೆ ಕೇಳುವ ಅಭ್ಯಾಸ ನಾವು ಸೇರಿಸಿಕೊಂಡಿದ್ದು. ಕಥೆ ಹುಟ್ಟುವುದು ಆ ಪ್ರಶ್ನೆಯಿಂದ. ನೀವೂ ಕೇಳಿ. ಮೂರೇ ಜನ ಇದ್ದರೆ ಈ ಆಟ ಸಪ್ಪೆ. ನಿಯಮದಲ್ಲೇ ಅದಕ್ಕೊಂದು ಉಪಾಯ ಇದೆ, ಊಹಿಸುವವರು ಎರಡೆರಡು ಕಾರ್ಡು ಕೊಡಬೇಕು. ಆದರೂ ಮಜಾ ಬರುವುದಿಲ್ಲ.

ಆ ಮೂರು ಜನದ ದಿನಗಳಿಗೆ ರೋರೀಸ್ ಸ್ಟೋರಿ ಕ್ಯೂಬ್ಸ್ ಇದೆ. 9 ದಾಳ, 54 ಚಿತ್ರ. ಎಸೆಯಿರಿ, ಬಿದ್ದ ಒಂಬತ್ತು ಚಿತ್ರಗಳನ್ನು ಪೋಣಿಸಿ ಕಥೆ ಕಟ್ಟಿ. ಗೆಲುವಿಲ್ಲ, ಸೋಲಿಲ್ಲ. ಮೂರರಲ್ಲಿ ನನಗೆ ಕಮ್ಮಿ ಖರ್ಚಾಗಿದ್ದು ಇದಕ್ಕೆ, ಜೇಬಿನಲ್ಲೂ ಹಿಡಿಯುತ್ತದೆ. ಮಲಗುವ ಮುಂಚೆ ನಾನು ಮಗಳು ಇಬ್ಬರೇ ಆಡುತ್ತೇವೆ. ಅಕ್ಕನ ಮಗನಿಗೆ ಮಾತ್ರ ಹಿಡಿಸಲಿಲ್ಲ. ಗೆಲ್ಲುವವರೇ ಇಲ್ಲದಿದ್ದರೆ ಅದೆಂಥ ಆಟ ಅನ್ನುತ್ತಾನೆ.

ಒಬ್ಬರು ಕಥೆ ನಡೆಸಿ, ಉಳಿದವರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಆಂಡ್ ಡ್ರಾಗನ್ಸ್ ಯಾಕೆ ಬಿಟ್ಟೆ ಅಂತ ಕೇಳಬಹುದು. 1974ರಿಂದ ನಡೆದು ಬಂದ ಆಟ, ಕಲ್ಪನೆಗೆ ಅಷ್ಟು ಜಾಗ ಇನ್ನೆಲ್ಲೂ ಸಿಗುವುದಿಲ್ಲ. ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ. ಆದರೆ ಆಟ ನಡೆಸುವವರು ಮೊದಲೇ ಕೂತು ತಯಾರಿ ಮಾಡಬೇಕು, ಅದೇ ಗುಂಪು ಮತ್ತೆ ಮತ್ತೆ ಸೇರಬೇಕು. ನಾನು ಎರಡು ಸಲ ನಡೆಸಿದೆ. ಕೆಲಸ ಮುಗಿಸಿ ಬಂದು ನಕ್ಷೆ ಬರೆಯುವಷ್ಟು ಹೊತ್ತು ನನಗೆ ಸಿಗುವುದಿಲ್ಲ.

ಒಂದೇ ಆಟಕ್ಕೆ ದುಡ್ಡಿದ್ದು, ಮನೆಯಲ್ಲಿ ನಾಲ್ಕೈದು ಜನ ಸೇರುವುದಾದರೆ ಡಿಕ್ಸಿಟ್ ತೆಗೆದುಕೊಳ್ಳಿ. ಇಬ್ಬರು ಮೂವರೇ ಆದರೆ ದಾಳಗಳು ಸಾಕು. ಡಿಕ್ಸಿಟ್‌ಗೆ ಮುಂದೆ ಇನ್ನಷ್ಟು ಖರ್ಚಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದೇ ಜನ ವರ್ಷಗಟ್ಟಲೆ ಆಡಿದರೆ ಚಿತ್ರಗಳು ಬಾಯಿಪಾಠ ಆಗುತ್ತವೆ. ಯಾವ ಚಿತ್ರಕ್ಕೆ ಯಾರು ಏನಂದಿದ್ದರು ಅಂತ ನೆನಪಿರುತ್ತದೆ. ಈಗ ನಮ್ಮಲ್ಲಿ ಮೆಟ್ಟಿಲಿನ ಚಿತ್ರ ಕಂಡರೆ ಸಾಕು, ಎಲ್ಲರೂ ಅಜ್ಜಿಯ ಮುಖ ನೋಡುತ್ತಾರೆ. ಅದಕ್ಕೇ 84 ಹೊಸ ಕಾರ್ಡುಗಳ 'ಕ್ವೆಸ್ಟ್' ಕಟ್ಟು ತರಿಸಿದ್ದೇನೆ. ಇನ್ನೂ ಬಿಚ್ಚಿಲ್ಲ. ಅಕ್ಕನ ಮಗ ರಜೆಗೆ ಬರುವವರೆಗೆ ಯಾರೂ ಮುಟ್ಟಬಾರದು ಅಂತ ಮಗಳು ಹೇಳಿದ್ದಾಳೆ. ಎಲ್ಲರೂ ಒಂದೇ ಸಲ ನೋಡಬೇಕಂತೆ.